ಶಕ್ತಿಯನ್ನರಿತು ಕೈಗೊಂಡ ವ್ರತ: ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನ

ಮುಂಗಾರು ಬಲಿತು ತುಂಗಭದ್ರೆಯು ಕೆಂಪು ನೀರನ್ನು ಹೊತ್ತು ಟಿ.ಬಿ. ಡ್ಯಾಮಿನ ಕಟ್ಟೆಯನ್ನು ಬಂದು ಮುಟ್ಟುವ ಕಾಲವೂ, ತ್ಯಾಗಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸಿ ಚಾತುರ್ಮಾಸವನ್ನು ಕೈಗೊಳ್ಳುವ ಕಾಲವೂ ಒಂದೇ ಆಗಿದೆ. ಹೊಸಪೇಟೆ, ಕಂಪ್ಲಿ, ಸಂಡೂರು ಮೊದಲಾದ ಊರುಗಳಲ್ಲಿ ವ್ಯಾಪಾರ ವ್ಯವಸಾಯಗಳನ್ನು ನಡೆಸುತ್ತಿರುವ ಶ್ರಾವಕ ಶ್ರಾವಿಕೆಯರು ನಾಲ್ಕು ತಿಂಗಳಿಗೆಂದು ಒಂದಲ್ಲ ಒಂದು ನಿಯಮವನ್ನು ಹಿಡಿಯುವುದೂ ಈ ದಿನಗಳಲ್ಲಿಯೇ. ಉತ್ಸಾಹದ ಭರದಲ್ಲಿ ಹಿಡಿದ ಎಷ್ಟೋ ನಿಯಮಗಳು ದಶಲಕ್ಷಣ ಪರ್ವವು ಬರುವಷ್ಟರಲ್ಲಿ ಸಡಿಲಗೊಂಡಿರುತ್ತವೆ. ನೆರೆಮನೆಯವರು ಎಂಟು ಉಪವಾಸ ಮಾಡಿದರೆಂದು ತಾವೂ ಎಂಟು ಮಾಡಹೊರಟು ನಾಲ್ಕನೆಯ ದಿನ ಹಾಸಿಗೆ ಹಿಡಿದವರಿದ್ದಾರೆ. ವ್ರತದ ಉದ್ಯಾಪನೆಯನ್ನು ವೈಭವದಿಂದ ಮಾಡಬೇಕೆಂದು ಸಾಲ ತಂದು, ಆ ಸಾಲದ ಬಡ್ಡಿಯನ್ನು ವರ್ಷಗಟ್ಟಲೆ ತೆತ್ತವರೂ ಇದ್ದಾರೆ. ಮುರಿದ ವ್ರತವು ವ್ರತವನ್ನು ಹಿಡಿಯದಿರುವುದಕ್ಕಿಂತಲೂ ಮನಸ್ಸನ್ನು ಹೆಚ್ಚು ಕುಗ್ಗಿಸುತ್ತದೆ. ಒಮ್ಮೆ ಸೋತವನು ಮರುವರ್ಷ ಸಣ್ಣ ನಿಯಮಕ್ಕೂ ಅಂಜುತ್ತಾನೆ.

ಅಣೆಕಟ್ಟಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಮೊದಲಿಗೆ 133 ಟಿ.ಎಂ.ಸಿ. ಎಂದು ಲೆಕ್ಕ ಹಾಕಲ್ಪಟ್ಟಿತ್ತು. ವರ್ಷವರ್ಷವೂ ಹೂಳು ತುಂಬುತ್ತ ಬಂದು 2016ರ ಅಳತೆಯಲ್ಲಿ ಅದು 105.788 ಟಿ.ಎಂ.ಸಿ.ಗೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದ ಬಳಿಕ, ಉಳಿದ ಗೇಟುಗಳ ಬಲವನ್ನು ಪರೀಕ್ಷಿಸಿ, 2025ರಲ್ಲಿ ಸುಮಾರು 80 ಟಿ.ಎಂ.ಸಿ. ಮಾತ್ರ ನಿಲ್ಲಿಸಬೇಕೆಂದು ನಿಶ್ಚಯಿಸಲಾಯಿತು. ಕಟ್ಟಿದಂದಿನ ಲೆಕ್ಕವನ್ನು ಹಿಡಿದು ಇಂದು ನೀರು ತುಂಬಿಸಹೊರಟರೆ ಕಟ್ಟೆಗೂ ಕ್ಷೇಮವಿಲ್ಲ, ಕೆಳಗಿನ ಊರುಗಳಿಗೂ ಕ್ಷೇಮವಿಲ್ಲ. ಮನುಷ್ಯನ ದೇಹಬಲಕ್ಕೂ ಧನಬಲಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ. ಇಂದಿನ ಶಕ್ತಿ ಎಷ್ಟೆಂಬುದನ್ನು ಅಳೆದು, ಅಷ್ಟಕ್ಕೆ ಎಲ್ಲೆಯನ್ನು ಹಾಕಿಕೊಳ್ಳುವುದೇ ವ್ರತದ ಮೊದಲ ಹೆಜ್ಜೆ. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಹೇಳಿದ ಪೂರ್ವಾಚಾರ್ಯರು ತ್ಯಾಗವನ್ನೂ ತಪಸ್ಸನ್ನೂ ಬರಿಯ ತ್ಯಾಗ ತಪಸ್ಸುಗಳೆಂದು ಹೇಳದೆ, ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಶಕ್ತಿಯ ಮಾತನ್ನು ಮುಂದಿಟ್ಟೇ ಹೆಸರಿಸಿದ್ದಾರೆ.

ಈ ತತ್ತ್ವಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಜೀವಂತ ಭಾಷ್ಯವಾಗಿ ಬಾಳಿದವರು ಕನ್ನಡ ನಾಡಿನ ಗಡಿಯ ಒಂದು ಹಳ್ಳಿಯ ಒಕ್ಕಲಿನ ಮನೆಯಿಂದ ಬಂದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. ಅವರ ಉಪವಾಸಗಳ ಸಂಖ್ಯೆಯನ್ನು ಕೇಳಿ ಬೆರಗಾಗುವವರು ಬಹುಮಂದಿ. ಆ ಸಂಖ್ಯೆಯನ್ನು ಅವರು ಯಾವ ಮೆಟ್ಟಿಲುಗಳನ್ನೇರಿ ಮುಟ್ಟಿದರೆಂಬುದನ್ನು ನೋಡುವವರು ಕೆಲವೇ ಮಂದಿ. ಗೃಹಸ್ಥರಿಗೆ ಪ್ರಯೋಜನವಾಗುವುದು ಆ ಮೆಟ್ಟಿಲುಗಳೇ ಹೊರತು ಸಂಖ್ಯೆಯಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ವೇದಗಂಗಾ ದೂಧಗಂಗಾ ನದಿಗಳು ಕೂಡುವ ಎಡೆಯ ಸಮೀಪದಲ್ಲಿ ಭೋಜ ಎಂಬ ಗ್ರಾಮವಿದೆ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡರೂ ಅವರ ಧರ್ಮಪತ್ನಿ ಸತ್ಯವತಿಯವರೂ ಚತುರ್ಥ ಜೈನ ಸಮಾಜದ ಸದಾಚಾರಸಂಪನ್ನರಾದ ದಂಪತಿಗಳು. 1872ರ ಆಷಾಢ ಮಾಸದಲ್ಲಿ, ತಾಯಿಯ ತವರಾದ ಯಳಗೂಡದಲ್ಲಿ ಅವರಿಗೆ ಜನಿಸಿದ ಮಗುವಿಗೆ ಸಾತಗೌಡ ಎಂದು ಹೆಸರಿಡಲಾಯಿತು. ಆದಿಗೌಡ, ದೇವಗೌಡ ಎಂಬ ಇಬ್ಬರು ಅಣ್ಣಂದಿರು, ಕುಂಗೌಡನೆಂಬ ತಮ್ಮ, ಕೃಷ್ಣಾಬಾಯಿ ಎಂಬ ತಂಗಿ, ಹೊಲ ಗದ್ದೆ, ಒಂದು ಬಟ್ಟೆಯ ಅಂಗಡಿ, ಇಷ್ಟು ಆ ಮನೆಯ ಪರಿಗ್ರಹ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲಕನಿಗೆ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲವಧು ತೀರಿಕೊಂಡಳು. ಪ್ರಾಯಕ್ಕೆ ಬಂದ ಮೇಲೆ ಮನೆಯವರು ಮತ್ತೆ ವಿವಾಹದ ಮಾತೆತ್ತಿದಾಗ ಸಾತಗೌಡರು ಒಪ್ಪದೆ ಬ್ರಹ್ಮಚರ್ಯವನ್ನೇ ಸ್ವೀಕರಿಸಿದರು.

ಅವರ ಶರೀರವು ಅಸಾಧಾರಣವಾದ ಬಲದಿಂದ ಕೂಡಿತ್ತು. ಹೊಲದ ಯಾವ ದುಡಿಮೆಯೂ ಅವರಿಗೆ ಭಾರವೆನಿಸುತ್ತಿರಲಿಲ್ಲ. ಊರಿಗೆ ಮುನಿಗಳು ದಯಮಾಡಿಸಿದಾಗ ಅವರನ್ನು ಹೆಗಲ ಮೇಲೆ ಹೊತ್ತು ಹೊಳೆಯನ್ನು ದಾಟಿಸುತ್ತಿದ್ದರೆಂಬುದು ಆ ಸೀಮೆಯಲ್ಲಿ ಬಹುಕಾಲ ಮನೆಮಾತಾಗಿತ್ತು. ಹೊಲಕ್ಕೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರೆಂದೂ, ಆದರೂ ಸುಗ್ಗಿಯಲ್ಲಿ ಮನೆಗೆ ಬರುವ ಕಾಳಿಗೆ ಕೊರತೆಯಾಗಲಿಲ್ಲವೆಂದೂ ಜೀವನಚರಿತ್ರಕಾರರು ಬರೆದಿದ್ದಾರೆ. ಬಟ್ಟೆಯ ಅಂಗಡಿಯ ವ್ಯವಹಾರವನ್ನು ಹೆಚ್ಚಾಗಿ ತಮ್ಮನಾದ ಕುಂಗೌಡನೇ ನೋಡುತ್ತಿದ್ದನು. ತಮ್ಮನಿಲ್ಲದ ವೇಳೆಯಲ್ಲಿ ಸಾತಗೌಡರು ಗದ್ದುಗೆಯಲ್ಲಿ ಕುಳಿತರೆ ಅಂಗಡಿಯ ರೀತಿಯೇ ಬೇರೆಯಾಗುತ್ತಿತ್ತು. ಗಿರಾಕಿಗಳು ತಮಗೆ ಬೇಕಾದ ಬಟ್ಟೆಯನ್ನು ತಾವೇ ಅಳೆದು ಕತ್ತರಿಸಿಕೊಂಡು, ಕೊಡತಕ್ಕ ಹಣವನ್ನು ಇಟ್ಟು, ಉದ್ರಿಯಾದರೆ ತಾವೇ ವಹಿಯಲ್ಲಿ ಬರೆದು ಹೋಗುತ್ತಿದ್ದರು. ಬಂದ ಲಾಭದಿಂದ ಮನೆ ನಡೆದರೆ ಸಾಕು, ಅದರಾಚೆಗೆ ಹಣ ಬೆಳೆಯಲೇಬೇಕೆಂಬ ತವಕವು ಆ ಗದ್ದುಗೆಯ ಮೇಲೆ ಕುಳಿತವರಿಗಿರಲಿಲ್ಲ.

ಸುಮಾರು ಹದಿನೆಂಟರ ವಯಸ್ಸಿನಲ್ಲಿಯೇ ಅವರಲ್ಲಿ ಮುನಿದೀಕ್ಷೆಯ ಅಭಿಲಾಷೆಯು ಅಂಕುರಿಸಿತು. ಆದರೆ ತಂದೆತಾಯಿಗಳು ತಾವು ಬದುಕಿರುವವರೆಗೆ ಮಗನು ಮನೆಯಲ್ಲಿದ್ದುಕೊಂಡೇ ಧರ್ಮಸಾಧನೆ ಮಾಡಬೇಕೆಂದು ಬಯಸಿದರು. ಇಲ್ಲಿ ಸಾತಗೌಡರ ಎದುರಿಗೆ ಎರಡು ದಾರಿಗಳಿದ್ದುವು. ತಂದೆತಾಯಿಗಳ ಕಣ್ಣೀರನ್ನು ತುಳಿದು ಹೊರಟುಹೋಗುವುದು ಒಂದು. ಆಸೆಯನ್ನೇ ಬಿಟ್ಟು ಎಲ್ಲರಂತೆ ಸಂಸಾರದಲ್ಲಿ ಮುಳುಗುವುದು ಇನ್ನೊಂದು. ಅವರು ಎರಡನ್ನೂ ಹಿಡಿಯಲಿಲ್ಲ. ಗುರಿಯನ್ನು ಬಿಡದೆ, ಅದಕ್ಕೆ ಕಾಲವನ್ನು ಮಾತ್ರ ಮುಂದಕ್ಕೆ ಹಾಕಿ, ನಡುವಣ ವರ್ಷಗಳನ್ನು ಆ ಗುರಿಯ ಅಭ್ಯಾಸಕ್ಕಾಗಿ ಬಳಸಿಕೊಂಡರು. ಹದಿನೆಂಟರಲ್ಲಿ ಹುಟ್ಟಿದ ಆಸೆ ಕೈಗೂಡಿದಾಗ ಅವರಿಗೆ ನಲವತ್ತೆರಡು ದಾಟಿತ್ತು. ಸುಮಾರು ಇಪ್ಪತ್ತೈದು ವರ್ಷಗಳ ಈ ಕಾಯುವಿಕೆಯೇ ಅವರ ಜೀವನದ ಅತ್ಯಂತ ದೊಡ್ಡ ಪಾಠವೆಂದರೆ ತಪ್ಪಾಗಲಾರದು.

ಈ ಅವಧಿಯಲ್ಲಿ ಅವರು ಒಂದೇ ಸಲಕ್ಕೆ ಎಲ್ಲವನ್ನೂ ಬಿಡಲಿಲ್ಲ. ಮೂವತ್ತೆರಡರ ಸುಮಾರಿನಲ್ಲಿ ಸಮ್ಮೇದ ಶಿಖರ್ಜಿಯ ಯಾತ್ರೆಯನ್ನು ಕೈಗೊಂಡರು. ಬೆಟ್ಟವನ್ನು ಹತ್ತಲಾರದೆ ಕುಳಿತ ಒಬ್ಬ ವೃದ್ಧೆಯನ್ನು ಬೆನ್ನಿನ ಮೇಲೆ ಹೊತ್ತು ವಂದನೆಯನ್ನು ಮಾಡಿಸಿದರೆಂಬ ಸಂಗತಿಯು ಈ ಯಾತ್ರೆಗೆ ಸೇರಿದ್ದು. ಅಲ್ಲಿ ತುಪ್ಪವನ್ನೂ ಎಣ್ಣೆಯನ್ನೂ ಜೀವನಪರ್ಯಂತ ತ್ಯಜಿಸಿದರು. ಮನೆಗೆ ಮರಳಿದ ಮೇಲೆ ದಿನಕ್ಕೆ ಒಂದೇ ಭೋಜನದ ನಿಯಮವನ್ನು ಹಿಡಿದರು. ಹೊಲದಲ್ಲಿ ದುಡಿಯುವ ದೇಹಕ್ಕೆ ಎಷ್ಟು ಆಹಾರ ಬೇಕು, ಎಷ್ಟಿಲ್ಲದೆಯೂ ದುಡಿಮೆ ಸಾಗೀತು ಎಂಬುದನ್ನು ವರ್ಷಗಟ್ಟಲೆ ತಾವೇ ಅನುಭವಿಸಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆಯನ್ನಿಟ್ಟರು. ಒಂದು ನಿಯಮವು ಸ್ವಭಾವವಾಗಿ ಹೋದ ಮೇಲೆ ಮಾತ್ರ ಇನ್ನೊಂದು ನಿಯಮ, ಇದು ಅವರ ಕ್ರಮ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ನಿಯಮವೆಂದೂ ಯಮವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲದ ಮಿತಿಯಿಟ್ಟು ಮಾಡುವುದು ನಿಯಮ. ಜೀವವಿರುವವರೆಗೆ ಎಂದು ಮಾಡುವುದು ಯಮ. ಈ ವಿಂಗಡಣೆಯಲ್ಲಿ ಗೃಹಸ್ಥರ ಬಗೆಗೆ ಎಷ್ಟು ಕರುಣೆಯಿದೆಯೆಂಬುದನ್ನು ಗಮನಿಸಬೇಕು. ಕಾಲದ ಮಿತಿಯಿರುವ ನಿಯಮವನ್ನು ಮುಗಿಸಿದವನಿಗೆ ಗೆದ್ದೆನೆಂಬ ಧೈರ್ಯ ಬರುತ್ತದೆ, ತನ್ನ ಶಕ್ತಿಯ ಅಳತೆಯೂ ಸಿಗುತ್ತದೆ. ಸಾತಗೌಡರ ಗೃಹಸ್ಥಜೀವನವು ನಿಯಮದಿಂದ ಯಮಕ್ಕೆ ಏರಿದ ದಾರಿಯಾಗಿದೆ.

ತಂದೆಯವರೂ, ಅನಂತರ 1912ರಲ್ಲಿ ತಾಯಿಯವರೂ ಸಮಾಧಿಪೂರ್ವಕವಾಗಿ ದೇಹತ್ಯಾಗ ಮಾಡಿದರು. ಮನೆಯ ಭಾರವನ್ನು ಹೊರಲು ಸಹೋದರರಿದ್ದರು. ಸಲ್ಲಬೇಕಾದ ಋಣಗಳೆಲ್ಲ ಸಂದಮೇಲೆ, 1915ರಲ್ಲಿ ಉತ್ತೂರು ಗ್ರಾಮದಲ್ಲಿ ದೇವಪ್ಪ ಸ್ವಾಮಿಗಳೆಂದು ಪ್ರಸಿದ್ಧರಾಗಿದ್ದ ಶ್ರೀ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದು ಶಾಂತಿಸಾಗರರೆನಿಸಿದರು. ನೇರವಾಗಿ ಮುನಿದೀಕ್ಷೆಯನ್ನೇ ಪಡೆಯುವಷ್ಟು ವೈರಾಗ್ಯವು ಪಕ್ವವಾಗಿದ್ದರೂ ಕ್ರಮವನ್ನು ಮೀರಲಿಲ್ಲ. ಗಿರಿನಾರ ಕ್ಷೇತ್ರದಲ್ಲಿ ಐಲಕ ಪದವಿಯನ್ನು ಸ್ವೀಕರಿಸಿದರು. 1920ರ ಫಾಲ್ಗುಣದಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ನಿರ್ಗ್ರಂಥ ಮುನಿದೀಕ್ಷೆಯಾಯಿತು. 1924ರಲ್ಲಿ ಸಮಡೋಳಿಯಲ್ಲಿ ಚತುರ್ವಿಧ ಸಂಘವು ಅವರಿಗೆ ಆಚಾರ್ಯ ಪದವಿಯನ್ನು ಅರ್ಪಿಸಿತು.

ಆ ಕಾಲದಲ್ಲಿ ದಿಗಂಬರ ಮುನಿಗಳ ಆಚಾರವು ಬಹಳ ಮಟ್ಟಿಗೆ ಸಡಿಲಗೊಂಡಿತ್ತು. ಊರೊಳಗೆ ಬರುವಾಗ ವಸ್ತ್ರವನ್ನು ಹೊದ್ದುಕೊಳ್ಳುವ, ಮೊದಲೇ ನಿಶ್ಚಯವಾದ ಮನೆಗೆ ಹೋಗಿ ಆಹಾರ ಪಡೆಯುವ ರೂಢಿಗಳು ಬೆಳೆದಿದ್ದುವು. ಶಾಸ್ತ್ರೋಕ್ತವಾದ ವಿಧಿಯಿಂದಲೇ ಆಹಾರವನ್ನು ಸ್ವೀಕರಿಸಬೇಕೆಂದು ಶಾಂತಿಸಾಗರರು ನಿಶ್ಚಯಿಸಿದಾಗ, ಆ ವಿಧಿಯನ್ನು ತಿಳಿದ ಶ್ರಾವಕರೇ ಊರುಗಳಲ್ಲಿ ಇರಲಿಲ್ಲ. ಇದರಿಂದ ಅನೇಕ ದಿನಗಳು ನಿರಾಹಾರರಾಗಿಯೇ ಕಳೆಯಬೇಕಾಯಿತು. ಅವರು ಕೋಪಿಸಿಕೊಳ್ಳದೆ, ನಿಯಮವನ್ನೂ ಸಡಿಲಿಸದೆ, ಶ್ರಾವಕರು ವಿಧಿಯನ್ನು ಕಲಿಯುವವರೆಗೆ ಕಾದರು. ಮನೆಯಲ್ಲಿ ಏಕಭುಕ್ತದ ಅಭ್ಯಾಸವನ್ನು ಹತ್ತು ವರ್ಷ ಮಾಡಿದ್ದ ದೇಹಕ್ಕೆ ಆ ಉಪವಾಸಗಳು ಅಪರಿಚಿತವಾಗಿರಲಿಲ್ಲ. ಗೋಕಾಕದ ಬಳಿಯ ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಮೇಲೆ ಹರಿದಾಡಿ ಹೋದರೂ ಅವರು ಅಲುಗಲಿಲ್ಲವೆಂಬ ಪ್ರಸಂಗವು ಈ ವರ್ಷಗಳದು.

1927ರಲ್ಲಿ ಸಂಘಸಮೇತರಾಗಿ ದಕ್ಷಿಣದಿಂದ ಹೊರಟು ಶಿಖರ್ಜಿಯನ್ನು ಮುಟ್ಟಿ, ಉತ್ತರ ಭಾರತದ ಊರೂರುಗಳಲ್ಲಿ ವಿಹರಿಸಿದರು. ಕಟನಿಯಲ್ಲಿ 1928, ಲಲಿತಪುರದಲ್ಲಿ 1929, ಮಥುರೆಯಲ್ಲಿ 1930, ದೆಹಲಿಯಲ್ಲಿ 1931, ಹೀಗೆ ಅವರ ಚಾತುರ್ಮಾಸಗಳು ನಡೆದುವು. ಶತಮಾನಗಳಿಂದ ದಿಗಂಬರ ಮುನಿಯ ದರ್ಶನವಿಲ್ಲದಿದ್ದ ಊರುಗಳಲ್ಲಿ ಈ ಕನ್ನಡ ನಾಡಿನ ಗೌಡರ ಮಗನು ಮುನಿಧರ್ಮದ ಮಾರ್ಗವನ್ನು ಮತ್ತೆ ತೆರೆದನು.

ಮುನಿಜೀವನದ ಮೂವತ್ತೈದು ವರ್ಷಗಳಲ್ಲಿ ಅವರು ಮಾಡಿದ ಉಪವಾಸಗಳು ಒಟ್ಟು 9938 ಎಂದು ಎಣಿಸಲ್ಪಟ್ಟಿವೆ. ಅಂದರೆ ಆ ಅವಧಿಯ ಪ್ರತಿ ನಾಲ್ಕು ದಿನಗಳಲ್ಲಿ ಸುಮಾರು ಮೂರು ದಿನಗಳು ನಿರಾಹಾರ. ಉಳಿದ ದಿನಗಳಲ್ಲಿಯೂ ದಿನಕ್ಕೊಮ್ಮೆ ಮಾತ್ರ ಆಹಾರ. ಅದರಲ್ಲಿಯೂ ಹಲವು ವರ್ಷಗಳ ಕಾಲ ಅನ್ನ, ಹಾಲು, ನೀರು ಇಷ್ಟನ್ನೇ ಸ್ವೀಕರಿಸುತ್ತಿದ್ದರು. ಈ ಸಂಖ್ಯೆಯು ಒಂದು ಗುರಿಯಾಗಿ ಎದುರಿಗಿಟ್ಟುಕೊಂಡದ್ದಲ್ಲ. 156 ಉಪವಾಸಗಳ ಕರ್ಮದಹನ, ಮೂವತ್ತು ಚೌವೀಸಿಗಳ 720 ಉಪವಾಸಗಳು, 1234 ಉಪವಾಸಗಳ ಚಾರಿತ್ರಶುದ್ಧಿ ಮೊದಲಾದ, ಆದಿ ಅಂತ್ಯಗಳು ಗೊತ್ತಾಗಿರುವ ವ್ರತಗಳನ್ನು ಒಂದಾದಮೇಲೊಂದರಂತೆ ಮುಗಿಸುತ್ತ ಹೋದಾಗ ತಾನಾಗಿ ಕೂಡಿಬಂದ ಮೊತ್ತವದು. ಹನಿಹನಿಯಾಗಿ ಹಳ್ಳವಾದಂತೆ.

ಅವರು ಆಚರಿಸಿದ ವ್ರತಗಳಲ್ಲಿ ಸಿಂಹನಿಷ್ಕ್ರೀಡಿತವೆಂಬುದೊಂದು. ಇದರ ಲಘು ವಿಧಿಯ ಕ್ರಮವನ್ನು ನೋಡಿದರೆ ವ್ರತಶಾಸ್ತ್ರವನ್ನು ರಚಿಸಿದ ಪೂರ್ವಿಕರು ದೇಹದ ಧರ್ಮವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದು ತಿಳಿಯುತ್ತದೆ. ಮೊದಲು ಒಂದು ಉಪವಾಸ ಮತ್ತು ಪಾರಣೆ, ಆಮೇಲೆ ಎರಡು ಉಪವಾಸ ಮತ್ತು ಪಾರಣೆ. ಅಲ್ಲಿಂದ ಮೂರಕ್ಕೆ ಏರುವ ಮುನ್ನ ಮತ್ತೆ ಒಂದಕ್ಕೆ ಇಳಿಯಬೇಕು. ಮೂರರಿಂದ ಎರಡಕ್ಕೆ ಇಳಿದು ನಾಲ್ಕಕ್ಕೆ ಏರಬೇಕು, ನಾಲ್ಕರಿಂದ ಮೂರಕ್ಕೆ ಇಳಿದು ಐದಕ್ಕೆ, ಐದರಿಂದ ನಾಲ್ಕಕ್ಕೆ ಇಳಿದು ಮತ್ತೆ ಐದಕ್ಕೆ. ಆ ಬಳಿಕ ಅದೇ ಮೆಟ್ಟಿಲುಗಳಿಂದ ಹಿಂದಿರುಗಿ ಒಂದಕ್ಕೆ ಮುಗಿಸಬೇಕು. ಒಟ್ಟು 60 ಉಪವಾಸಗಳು, 20 ಪಾರಣೆಗಳು, 80 ದಿನಗಳು. ಸಿಂಹವು ಮುಂದಕ್ಕೆ ಹೆಜ್ಜೆಯಿಟ್ಟು, ನಿಂತು, ಹಿಂದಿರುಗಿ ನೋಡಿ, ಮತ್ತೆ ಮುಂದೆ ಹೋಗುವಂತೆ ಈ ವ್ರತದ ನಡೆಯಿರುವುದರಿಂದ ಇದಕ್ಕೆ ಆ ಹೆಸರು. ಹಿಂದಕ್ಕೆ ಒಂದು ಹೆಜ್ಜೆಯಿಡುವುದು ಇಲ್ಲಿ ಸೋಲಲ್ಲ, ವಿಧಿಯ ಒಂದು ಅಂಗ. ಹಣ ಕೂಡಿಸಹೊರಟ ಗೃಹಸ್ಥನಿಗೆ ಮದುವೆ, ಮಳೆ, ಕಾಯಿಲೆಗಳಿಂದ ಒಂದು ವರ್ಷ ಕೈ ಹಿಡಿತವಾದರೆ ಅವನು ಎದೆಗೆಡಬೇಕಾಗಿಲ್ಲವೆಂಬುದಕ್ಕೂ ಇದು ದೃಷ್ಟಾಂತವಾಗಬಲ್ಲದು.

ಆಚಾರ್ಯರು 1948ರ ಆಗಸ್ಟ್‌ನಿಂದ ಮೂರು ವರ್ಷಗಳ ಕಾಲ ಧಾನ್ಯಾಹಾರವನ್ನು ತ್ಯಜಿಸಿದ್ದು ಅವರ ಜೀವನದ ಬಹುಚರ್ಚಿತ ಸಂಗತಿ. ಮುಂಬಯಿ ಪ್ರಾಂತದ ದೇವಾಲಯ ಪ್ರವೇಶ ಕಾಯಿದೆಯು ಜಿನಮಂದಿರಗಳಿಗೂ ಅನ್ವಯಿಸುವುದೇ ಎಂಬ ಪ್ರಶ್ನೆಯು ತೀರ್ಮಾನವಾಗುವವರೆಗೆ ಎಂದು ಅವರು ಆ ನಿಯಮಕ್ಕೆ ಅವಧಿಯನ್ನು ಹಾಕಿಕೊಂಡಿದ್ದರು. 1951ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಬಳಿಕ ಧಾನ್ಯವನ್ನು ಸ್ವೀಕರಿಸಿದರು. ಆ ಪ್ರಶ್ನೆಯ ಬಗೆಗೆ ಅಂದು ಸಮಾಜದೊಳಗೂ ಹೊರಗೂ ಭಿನ್ನಾಭಿಪ್ರಾಯಗಳಿದ್ದುವು. ಸಮತೆಯನ್ನು ಎತ್ತಿಹಿಡಿಯುವ ಇಂದಿನ ಶ್ರಾವಕನು ಅದನ್ನು ಬೇರೆ ರೀತಿಯಲ್ಲಿ ಕಾಣಲೂಬಹುದು. ವ್ರತದ ದೃಷ್ಟಿಯಿಂದ ಗಮನಿಸತಕ್ಕದ್ದೆಂದರೆ, ಎಪ್ಪತ್ತೈದು ದಾಟಿದ ದೇಹವು ತಾಳಬಲ್ಲಷ್ಟು ಮಾತ್ರವೇ ಅವರು ತ್ಯಜಿಸಿದರು, ಹಾಗೂ ನಿಯಮವು ಎಂದು ಮುಗಿಯತಕ್ಕದ್ದೆಂಬುದನ್ನು ಹಿಡಿಯುವಾಗಲೇ ನಿರ್ಧರಿಸಿದ್ದರು.

ಧನದ ವಿಷಯದಲ್ಲಿ ಆಚಾರ್ಯರು ಸರ್ವಸಂಗಪರಿತ್ಯಾಗಿಗಳು. ಆದರೂ ಸಮಾಜದ ಧನವು ಯಾವುದಕ್ಕೆ ವಿನಿಯೋಗವಾಗಬೇಕೆಂಬುದರಲ್ಲಿ ಅವರ ದೃಷ್ಟಿ ನಿಚ್ಚಳವಾಗಿತ್ತು. ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿದ್ದ ಧವಲ, ಜಯಧವಲ, ಮಹಾಬಂಧ ಎಂಬ ಸಿದ್ಧಾಂತ ಗ್ರಂಥಗಳಲ್ಲಿ ಕೆಲವು ಭಾಗಗಳು ಹುಳು ಹಿಡಿದು ನಷ್ಟವಾದುವೆಂಬ ವಾರ್ತೆಯು ಅವರನ್ನು ಬಹಳವಾಗಿ ನೋಯಿಸಿತು. ಅವರ ಪ್ರೇರಣೆಯಿಂದ 1940ರ ದಶಕದಲ್ಲಿ ಶ್ರಾವಕರು ಜಿನವಾಣಿಯ ಜೀರ್ಣೋದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿ, ನಿಧಿಯನ್ನು ಕೂಡಿಸಿ, ಆ ಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸಿದರು. ಒಂದು ದಿನದ ಸಂಭ್ರಮದಲ್ಲಿ ಕರಗಿಹೋಗಬಹುದಾಗಿದ್ದ ಹಣವು ಹಲವು ಪೀಳಿಗೆಗಳ ಸೊತ್ತಾಯಿತು. ಹಂಪೆಯ ದಾರಿಯಲ್ಲಿ ಗಾಣಿಗಿತ್ತಿ ದೇವಾಲಯವೆಂದು ಕರೆಯಲ್ಪಡುವ ಕುಂಥುಜಿನಾಲಯವನ್ನು ಕಂಡವರಿಗೆ ಈ ಮಾತು ಚೆನ್ನಾಗಿ ತಿಳಿಯುತ್ತದೆ. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು ಶಕ 1307ರಲ್ಲಿ ಕಟ್ಟಿಸಿದ ಆ ಕಲ್ಲಿನ ಬಸದಿಯೂ ಅದರ ಮುಂದಿನ ದೀಪಸ್ತಂಭದ ಶಾಸನವೂ ಸಾಮ್ರಾಜ್ಯವೇ ಅಳಿದ ಮೇಲೂ ನಿಂತಿವೆ.

ಗೃಹಸ್ಥರು ಎಲ್ಲವನ್ನೂ ಬಿಡಬೇಕೆಂದು ಶಾಸ್ತ್ರವು ವಿಧಿಸಿಲ್ಲ. ಶ್ರಾವಕನ ಐದನೆಯ ಅಣುವ್ರತವು ಪರಿಗ್ರಹದ ಪರಿಮಾಣ, ಅಂದರೆ ಅಳತೆ. ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರೂ ಇದೆ. ಅಳೆಯಬೇಕಾದ್ದು ಬರಿಯ ವಸ್ತುವನ್ನಲ್ಲ, ಇಚ್ಛೆಯನ್ನು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಶ್ರಾವಕನ ಕಥೆಯಿದೆ. ಅವನ ಬಳಿ ಇದ್ದ ಹನ್ನೆರಡು ಕೋಟಿ ಹೊನ್ನಿನಲ್ಲಿ ನಾಲ್ಕು ಕೋಟಿ ಭಂಡಾರದಲ್ಲಿ, ನಾಲ್ಕು ಕೋಟಿ ವ್ಯಾಪಾರದಲ್ಲಿ, ನಾಲ್ಕು ಕೋಟಿ ಮನೆಯ ಬಳಕೆಯ ವಸ್ತುಗಳಲ್ಲಿ ಹಂಚಿಹೋಗಿದ್ದುವು. ಭಗವಾನ್ ಮಹಾವೀರರಿಂದ ವ್ರತವನ್ನು ಸ್ವೀಕರಿಸುವಾಗ ಅವನು ಇದ್ದುದನ್ನೆಲ್ಲ ಬಿಟ್ಟುಬಿಡಲಿಲ್ಲ, ಇರುವಷ್ಟಕ್ಕೆ ಮೇರೆಯನ್ನು ಹಾಕಿಕೊಂಡನು. ಆಪತ್ತಿಗೊಂದು ಪಾಲು, ದುಡಿಯುವುದಕ್ಕೊಂದು ಪಾಲು, ಬದುಕುವುದಕ್ಕೊಂದು ಪಾಲು ಎಂಬ ಈ ಹಂಚಿಕೆಯು ಇಂದಿನ ಸಂಬಳದಾರನಿಗೂ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ರೈತನಿಗೂ ಸಲ್ಲುವಂತಹುದು. ಆಚಾರ್ಯರ ಪೂರ್ವಾಶ್ರಮದ ಅಂಗಡಿಯೂ ಇದೇ ಮೇರೆಯೊಳಗೆ ನಡೆದ ಅಂಗಡಿಯಾಗಿತ್ತು.

ವಯಸ್ಸು ಎಂಬತ್ತನ್ನು ದಾಟಿದ ಮೇಲೆ ಆಚಾರ್ಯರ ಕಣ್ಣಿನ ದೃಷ್ಟಿಯು ಮಂದವಾಗತೊಡಗಿತು. ನಡೆಯುವಾಗ ನೆಲದ ಮೇಲಿನ ಸಣ್ಣ ಜೀವಿಯನ್ನೂ ನೋಡಿ ಹೆಜ್ಜೆಯಿಡಬೇಕಾದ, ಆಹಾರವನ್ನು ಶೋಧಿಸಿ ಸ್ವೀಕರಿಸಬೇಕಾದ ಮುನಿಗೆ ಕಣ್ಣು ಹೋದರೆ ಅಹಿಂಸಾ ಮಹಾವ್ರತವೇ ಭಂಗವಾಗುತ್ತದೆ. ಗಜಪಂಥ ಕ್ಷೇತ್ರದಲ್ಲಿ ಅವರು ಇದಕ್ಕೆ ಮೊದಲೇ ಹನ್ನೆರಡು ವರ್ಷಗಳ ಅವಧಿಯ ಸಲ್ಲೇಖನಾ ನಿಯಮವನ್ನು ಹಿಡಿದಿದ್ದರು. ಅಂತ್ಯಕ್ಕೂ ಸಿದ್ಧತೆಯು ಹೀಗೆ ಕ್ರಮಬದ್ಧವಾಗಿಯೇ ನಡೆದಿತ್ತು. 1955ರ ಆಗಸ್ಟ್ 14ರಂದು ಕುಂಥಲಗಿರಿ ಕ್ಷೇತ್ರದಲ್ಲಿ ಸಲ್ಲೇಖನೆಯನ್ನು ಪ್ರಾರಂಭಿಸಿದರು. ಮೊದಲು ಆಹಾರವನ್ನು ಬಿಟ್ಟು ನೀರನ್ನು ಮಾತ್ರ ಉಳಿಸಿಕೊಂಡರು. ಸೆಪ್ಟೆಂಬರ್ ಮೊದಲ ವಾರದ ಬಳಿಕ ಅದನ್ನೂ ಬಿಟ್ಟರು. ಈ ನಡುವೆ ತಮ್ಮ ಆಚಾರ್ಯ ಪದವಿಯನ್ನು ಪ್ರಥಮ ಶಿಷ್ಯರಾದ ಶ್ರೀ ವೀರಸಾಗರ ಮುನಿಗಳಿಗೆ ವಹಿಸಿ ಆ ಭಾರದಿಂದಲೂ ಮುಕ್ತರಾದರು. ಸೆಪ್ಟೆಂಬರ್ 8ರಂದು ಅವರು ನೀಡಿದ ಕೊನೆಯ ಉಪದೇಶವು ಧ್ವನಿಮುದ್ರಿತವಾಗಿ ಉಳಿದಿದೆ. 36ನೆಯ ದಿನ, 1955ರ ಸೆಪ್ಟೆಂಬರ್ 18ರ ಭಾನುವಾರ ಬೆಳಿಗ್ಗೆ ಸಮಾಧಿಸ್ಥರಾದರು. ಅವರ ಅಣ್ಣ ದೇವಗೌಡರೂ ಮುನಿದೀಕ್ಷೆಯನ್ನು ಪಡೆದು ವರ್ಧಮಾನಸಾಗರರೆನಿಸಿದ್ದರೆಂಬುದು ಆ ಮನೆತನದ ಸಂಸ್ಕಾರಕ್ಕೆ ಸಾಕ್ಷಿಯಾಗಿದೆ.

ಈ ಮಹಾಪುರುಷರ ಚರಿತ್ರೆಯನ್ನು ಓದಿ ಗೃಹಸ್ಥರು ಅವರ ಉಪವಾಸಗಳನ್ನು ಅನುಕರಿಸಹೊರಡುವುದು ಚರಿತ್ರೆಯನ್ನು ತಪ್ಪಾಗಿ ಓದಿದಂತೆ. ಅವರು ಉಪವಾಸಕ್ಕೆ ಮುನ್ನ ಏಕಭುಕ್ತವನ್ನು, ಏಕಭುಕ್ತಕ್ಕೆ ಮುನ್ನ ರಸತ್ಯಾಗವನ್ನು ವರ್ಷಗಟ್ಟಲೆ ಸಾಧಿಸಿದ್ದರು. ಬಾಹ್ಯ ತಪಸ್ಸು ಆರು ಬಗೆಯದು. ಅನಶನವು ಅದರಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ, ತುಪ್ಪ ಸಕ್ಕರೆ ಉಪ್ಪು ಮೊದಲಾದುವುಗಳಲ್ಲಿ ಒಂದನ್ನು ಬಿಡುವ ರಸಪರಿತ್ಯಾಗವೂ ತಪಸ್ಸೇ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಮಕ್ಕಳಿಗೆ ಹಾಲೂಡುವ ತಾಯಂದಿರು, ಮೂತ್ರಪಿಂಡದ ಕಾಯಿಲೆಯುಳ್ಳವರು ನಿರಾಹಾರ ವ್ರತವನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ಅವರಿಗೆ ರಾತ್ರಿಭೋಜನ ತ್ಯಾಗ, ಸಿಹಿಯ ತ್ಯಾಗ, ಸ್ವಾಧ್ಯಾಯದ ನಿಯಮ ಮೊದಲಾದ ಎಷ್ಟೋ ದಾರಿಗಳು ತೆರೆದಿವೆ. ರಾತ್ರಿ ಉಣ್ಣದಿರುವವರು ತಮ್ಮ ಔಷಧಿಯ ವೇಳೆಯನ್ನು ಅದಕ್ಕೆ ತಕ್ಕಂತೆ ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳುವುದು ಒಳಿತು.

ಉದ್ಯಾಪನೆಯ ವಿಷಯದಲ್ಲಿಯೂ ಶಾಸ್ತ್ರವು ಉದಾರವಾಗಿದೆ. ಉದ್ಯಾಪನೆ ಮಾಡುವ ಧನಶಕ್ತಿಯಿಲ್ಲದವರು ವ್ರತವನ್ನೇ ಇಮ್ಮಡಿ ಕಾಲ ಆಚರಿಸಬಹುದೆಂದು ವ್ರತವಿಧಾನಗಳಲ್ಲಿ ಹೇಳಲಾಗಿದೆ. ಸಾಲ ಮಾಡಿ ಊಟ ಹಾಕಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ವರ್ಷದ ಆದಾಯವನ್ನೂ ಮನೆಯ ಖರ್ಚನ್ನೂ ಮಕ್ಕಳ ವಿದ್ಯೆಯನ್ನೂ ವೃದ್ಧರ ಔಷಧಿಯನ್ನೂ ಲೆಕ್ಕ ಹಾಕಿ, ಉಳಿದುದರಲ್ಲಿ ದಾನಕ್ಕೊಂದು ಪಾಲನ್ನು ಮೊದಲೇ ತೆಗೆದಿಡುವ ಶ್ರಾವಕನು ಸಣ್ಣ ಮೊತ್ತವನ್ನು ಕೊಟ್ಟರೂ ಅದು ದೊಡ್ಡ ದಾನ. ತಂದೆತಾಯಿಗಳ ಋಣವು ತೀರುವವರೆಗೆ ದೀಕ್ಷೆಯಂತಹ ಪರಮಕಾರ್ಯವನ್ನೇ ಮುಂದಕ್ಕೆ ಹಾಕಿದ ಮಹಾತ್ಮರ ಮಾರ್ಗದಲ್ಲಿ, ಅವಲಂಬಿಸಿದವರ ಬಾಯಿಯ ತುತ್ತನ್ನು ಕಿತ್ತು ಮಾಡುವ ಧರ್ಮಕ್ಕೆ ಸ್ಥಾನವಿಲ್ಲ.

ಭೋಜದ ಹೊಲದಲ್ಲಿ ಹಕ್ಕಿಗಳಿಗೆ ನೀರಿಡುತ್ತಿದ್ದ ಸಾತಗೌಡರಿಗೆ ಹದಿನೆಂಟರಲ್ಲಿ ಒಂದು ಗುರಿ ಕಂಡಿತು. ನಲವತ್ತೆರಡರಲ್ಲಿ ಅದರ ಮೊದಲ ಮೆಟ್ಟಿಲು ಸಿಕ್ಕಿತು. ಎಂಬತ್ತಮೂರರಲ್ಲಿ ಅದು ಪೂರ್ಣವಾಯಿತು. ಈ ಚಾತುರ್ಮಾಸದಲ್ಲಿ ಯಾರಾದರೂ ಶ್ರಾವಕರು ಹದಿನೈದು ದಿನಗಳಿಗೆಂದು ಒಂದು ರಸವನ್ನು ಬಿಟ್ಟು, ಮನೆಯ ಖರ್ಚಿನಲ್ಲಿ ಒಂದು ಅನಾವಶ್ಯಕವನ್ನು ಕಡಿಮೆ ಮಾಡಿ, ಹದಿನಾರನೆಯ ದಿನ ತಮ್ಮ ಶಕ್ತಿಯನ್ನು ತಾವೇ ನೋಡಿಕೊಂಡು ಮುಂದಿನ ಹದಿನೈದನ್ನು ನಿಶ್ಚಯಿಸಿದರೆ, ಅವರು ಆಚಾರ್ಯಶ್ರೀಗಳು ನಡೆದ ದಾರಿಯಲ್ಲಿಯೇ ನಡೆಯುತ್ತಿದ್ದಾರೆಂದು ತಿಳಿಯಬಹುದು.